ಪಕ್ಕದ ಕೋಣೆಗೆ ಕೇಳಿಸದ ಬಂದೂಕು

ಅಂಗಡಿಯಾತ ಮೇಜಿನ ಡ್ರಾಯರನ್ನು ಅರ್ಧ ಎಳೆದು ಪಟ್ಟನೆ ಮುಚ್ಚಿದ. ಇದು ಸ್ಪ್ರಿಂಗಿನ ಏರ್ ರೈಫಲ್ಲಿನ ಸದ್ದು ಎಂದ. ದಪ್ಪನೆಯ ಕ್ಯಾಟಲಾಗೊಂದನ್ನು ಎತ್ತಿ ಕೌಂಟರಿನ ಮೇಲೆ ಬಡಿದ. ಇದು ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಜಾತಿ ಎಂದ. ಅದೇ ಜಾತಿಯಲ್ಲಿ ಗಾಳಿಯ ಒತ್ತಡ ಇಳಿಸಿ, ಭಾರದ ಗುಂಡು ಹಾಕಿ ಹೊಡೆದರೆ ಹೀಗೆ ಅಂತ ಹೇಳಿ, ಕ್ಯಾಟಲಾಗಿನ ಮೇಲೆ ಟವೆಲ್ ಮಡಚಿಟ್ಟು ಅಂಗೈಯಿಂದ ಒಮ್ಮೆ ತಟ್ಟಿದ. ನನ್ನ ಗಂಡ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಡ್ರಾಯರ್, ಪುಸ್ತಕ, ಟವೆಲ್. ಕೊರೋನಾದ ಎರಡನೆಯ ವರ್ಷದ ಮಾರ್ಚ್ ತಿಂಗಳು. ಒಸಾಕಾದ ಓಣಿಯೊಂದರ ಬಂದೂಕಿನ ಅಂಗಡಿಯಲ್ಲಿ ನಾನು, ಅವರು, ಎಂಟು ವರ್ಷದ ಮಗಳು, ಮೂವರೂ ಮಾಸ್ಕ್ ಹಾಕಿಕೊಂಡು ಪ್ಲಾಸ್ಟಿಕ್ ಪರದೆಯ ಈಚೆ ನಿಂತು ಈ ಸದ್ದಿನ ಕಛೇರಿ ಕೇಳುತ್ತಿದ್ದೆವು.

ಪರವಾನಗಿ ಇಲ್ಲದವರಿಗೆ ಗುಂಡು ಹಾರಿಸಿ ತೋರಿಸುವಂತಿಲ್ಲ. ಸದ್ದು ಅಡಗಿಸುವ ಕೊಳವೆ ಸಿಕ್ಕಿಸಿಕೊಳ್ಳೋಣ ಎಂದರೆ ಅದು ಈ ದೇಶದಲ್ಲಿ ಅಪರಾಧ. ಹಾಗಾಗಿ ಸದ್ದು ಕಡಿಮೆ ಇರುವ ಬಂದೂಕು ಬೇಕು ಎಂದು ಕೇಳಿಕೊಂಡು ಬಂದವರಿಗೆ ಆತ ಪಾಪ ಇನ್ನು ಹೇಗೆ ತೋರಿಸಿಯಾನು. ನಮ್ಮವರು ಬಂದೂಕಿನ ಅಂದ ನೋಡಲಿಲ್ಲ, ಗುರಿ ಎಷ್ಟು ದೂರ ಎಂದು ಕೇಳಲಿಲ್ಲ. "ಟವೆಲ್ ಹಾಕಿದ್ದನ್ನ ಇನ್ನೊಂದ್ಸಲ ತೋರಿಸ್ತೀರಾ" ಎಂದು ಬಾಗಿ ಬಾಗಿ ಕೇಳಿದರು. ಆತನೂ ಬಾಗಿ, ಮತ್ತೆ ತಟ್ಟಿದ.

ಈ ಸದ್ದಿನ ಹುಚ್ಚು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. ಮೊದಲು ನಾವು ಇಂಡಿಯಾದವರು ತುಂಬ ಇರುವ ಗ್ಯೋಟೋಕುವಿನಲ್ಲಿದ್ದೆವು. ಅಲ್ಲಿ ಒಂದು ದಿನ ಅಂಚೆಪೆಟ್ಟಿಗೆಯಲ್ಲಿ ಹೆಸರಿಲ್ಲದ ಚೀಟಿ ಬಂತು. ಬೆಳಗ್ಗೆ ಆರೂವರೆಗೆ ನಿಮ್ಮ ಮನೆಯಿಂದ ಶಿಳ್ಳೆ ಕೇಳಿಸುತ್ತದೆ, ದಯವಿಟ್ಟು ಗಮನಿಸಿ ಎಂದು ಮುದ್ದಾದ ಅಕ್ಷರ. ಕುಕ್ಕರ್. ನಾನಾಗಿದ್ದರೆ ಮರುದಿನ ಇನ್ನೊಂದು ಸೀಟಿ ಹೆಚ್ಚಿಗೆ ಕೂಗಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಮಾತ್ರ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಿದರು, ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸು ಎಂದರು. ಆಮೇಲೆ ನಮ್ಮ ಮನೆಯಲ್ಲಿ ಬಾಗಿಲು ಬಡಿದುಕೊಂಡದ್ದು ನೆನಪಿಲ್ಲ.

ಅಲ್ಲಿಂದ ನಾವು ಬಂದು ಸೇರಿದ್ದು ಈ ಊರಿಗೆ: ಒಸಾಕಾದಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದು ಗಂಟೆ ಬಂದರೆ ಗುಡ್ಡದ ಇಳಿಜಾರಿನಲ್ಲಿ ಮಿಕಾನ್ ತೋಟಗಳು. ಮಿಕಾನ್ ಅಂದರೆ ನಮ್ಮ ಕಿತ್ತಳೆಯ ಬಳಗದ್ದೇ, ಸಿಪ್ಪೆ ತೆಳ್ಳಗೆ. ವಿಶ್ವವಿದ್ಯಾಲಯದ ಪ್ರಯೋಗದ ತೋಟವೂ ಅಲ್ಲೇ ಇತ್ತು, ನನ್ನ ಗಂಡ ಅದರ ಸಂಶೋಧಕ. ಕಾಂಟ್ರಾಕ್ಟ್ ಕೆಲಸ, ಎರಡು ಸುಗ್ಗಿಯೊಳಗೆ ಹಣ್ಣಿನ ಲೆಕ್ಕ ಸಿಕ್ಕರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲನೆಯ ಸುಗ್ಗಿಯನ್ನು ಹಿಯೊದೊರಿಗಳು ತಿಂದುಹಾಕಿದವು. ನಮ್ಮ ಪಿಕಳಾರದ ಜಾತಿಯ ಬೂದು ಹಕ್ಕಿ, ಗಂಟಲು ಮಾತ್ರ ಸಂತೆಯ ಗಂಟಲು. ಬಿರುಗಾಳಿಗೆ ಬಲೆ ಹರಿದುಹೋಗಿತ್ತು, ಕೊರೋನಾ ಅಂತ ಹೊಸ ಬಲೆಗೆ ಯಾರೂ ಸಹಿ ಹಾಕಲಿಲ್ಲ. ಹಿಂದೆಲ್ಲ ಇಡೀ ಗುಡ್ಡದ ಹಕ್ಕಿಗಳನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಪಕ್ಕದ ಮನೆಯ ಅಜ್ಜ. ಅವರು ವಯಸ್ಸಾಯಿತೆಂದು ಬಂದೂಕಿನ ಪರವಾನಗಿಯನ್ನು ವಾಪಸು ಕೊಟ್ಟು ವೃದ್ಧರ ಆರೈಕೆಯ ಮನೆ ಸೇರಿದ್ದರು. ಮನೆಯಲ್ಲಿ ಒಬ್ಬರೇ ಉಳಿದ ಅವರ ಹೆಂಡತಿ ಅಜ್ಜಿಗೆ ಕೊರೋನಾ ಕಾರಣಕ್ಕೆ ಅವರನ್ನು ನೋಡಲು ಬಿಡುತ್ತಿರಲಿಲ್ಲ. ಪ್ರೊಫೆಸರು ನಮ್ಮವರನ್ನು ಕರೆದು, "ನೀವು ಕಲಿತುಕೊಳ್ಳಬಹುದಲ್ಲ" ಎಂದರಂತೆ. ಇಲ್ಲಿ ಹಾಗೆ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ ಎಂದು ನಮ್ಮವರಿಗೆ ಇವತ್ತಿಗೂ ಗೊತ್ತಿಲ್ಲ.

ಇರುವೆಯನ್ನು ಪೊರಕೆಯಲ್ಲಿ ಮೆಲ್ಲಗೆ ದಾರಿ ತೋರಿಸಿ ಕಳಿಸುವ ಮನುಷ್ಯ. ಆದರೂ ರಾತ್ರಿ ಹಗಲು ಓದಿ, ಜಪಾನೀಸಿನಲ್ಲಿ ಪರೀಕ್ಷೆ ಬರೆದು ಪಾಸಾದರು. ಬೇಟೆಯ ಪರವಾನಗಿ ಬೇರೆ, ಬಂದೂಕಿನದು ಬೇರೆ. ಬಂದೂಕಿನದರಲ್ಲಿ ಒಂದು ವಿಚಿತ್ರವಿದೆ: ಮೊದಲು ಇಂಥದ್ದೇ ಬಂದೂಕು ಎಂದು ಆರಿಸಬೇಕು, ಆಮೇಲೆ ಅದಕ್ಕೆ ಅನುಮತಿ ಕೇಳಬೇಕು. ಅಲ್ಲಿಯವರೆಗೆ ಅದು ಹೆಸರು ಬರೆದ ಚೀಟಿ ಕಟ್ಟಿಕೊಂಡು ಅಂಗಡಿಯಲ್ಲೇ ಕಾಯುತ್ತದೆ. ಈ ಮಧ್ಯೆ ಪೊಲೀಸರು ಬಂದು ಕೆಲಸದ ಕಡೆ, ಅಕ್ಕಪಕ್ಕದ ಮನೆಯಲ್ಲಿ, ಕೊನೆಗೆ ಹೆಂಡತಿಯನ್ನೂ ಕೇಳುತ್ತಾರೆ, ಈ ಮನುಷ್ಯ ಹೇಗೆ ಅಂತ. "ನಮ್ಮ ಮದುವೆ ಟೈಮಲ್ಲೂ ಇಷ್ಟು ವಿಚಾರಿಸಿರಲಿಲ್ಲ ನಮ್ಮಪ್ಪ" ಎಂದು ನಾನು ನಗಾಡಿದ್ದೆ.

ಆ ಏಪ್ರಿಲ್‌ನಲ್ಲಿ ಸದ್ದು ನಮ್ಮ ಮನೆಯ ಆಟವಾಗಿತ್ತು. ಮಗಳು ಅಜ್ಜಿಯ ಅಂಗಳದಲ್ಲಿ ಹೋಗಿ ನಿಲ್ಲುವಳು. ನನ್ನ ಗಂಡ ನಮ್ಮ ಹಿತ್ತಿಲಿನಲ್ಲಿ ಮೊದಲು ಡ್ರಾಯರ್, ಆಮೇಲೆ ಪುಸ್ತಕ, ಆಮೇಲೆ ಟವೆಲ್ ಹಾಕಿದ ಪುಸ್ತಕ ತಟ್ಟಿ, "ಕೇಳಿಸ್ತಾ" ಎಂದು ಕೂಗುವರು. ಅವಳು ಜಪಾನೀಸಿನಲ್ಲಿ, ಕೇಳಿಸಿತು, ಕೇಳಿಸಲಿಲ್ಲ ಎಂದು ತೀರ್ಪು ಕೊಡುವಳು. ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ ನಗುವರು. ಸದ್ದಿಲ್ಲದ ಬಂದೂಕು ಹುಡುಕುವುದಕ್ಕೆ ಇಷ್ಟು ಗಲಾಟೆ ಮಾಡಿದ ಸಂಸಾರ ಆ ಗುಡ್ಡದಲ್ಲಿ ಇನ್ನೊಂದಿರಲಿಲ್ಲ.

ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಮಾವನವರು ಹೋದರು. ಸೋಮವಾರ ಜ್ವರ, ಶುಕ್ರವಾರ ಆಕ್ಸಿಜನ್, ಮರುದಿನ ಇಲ್ಲ. ಇಂಡಿಯಾಕ್ಕೆ ಹೋದರೆ ವೀಸಾ ಇದ್ದವರನ್ನೂ ತಿರುಗಿ ಒಳಗೆ ಬಿಡುವುದಿಲ್ಲ ಎಂದು ಜಪಾನ್ ಆಗಷ್ಟೇ ಬಾಗಿಲು ಹಾಕಿತ್ತು. ಚಿತೆಯನ್ನು ಭಾವ ಫೋನಿನಲ್ಲಿ ತೋರಿಸಿದರು, ಅದೂ ದೂರದಿಂದ. ಸಾಲಿನಲ್ಲಿ ಎಷ್ಟೋ ಚಿತೆಗಳಿದ್ದವು. "ಯಾವುದು ಅಣ್ಣಾ ನಮ್ಮಪ್ಪಂದು" ಎಂದು ಇವರು ಕೇಳಿದರು. ಭಾವ ಕೈ ತೋರಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಅಲ್ಲಿ ಕರ್ಮವನ್ನೆಲ್ಲ ಭಾವ ಮಾಡಿದರು. ಆದರೂ ಹತ್ತನೆಯ ದಿನ ಕಾಗೆಗೆ ಒಂದು ತುತ್ತು ತಾನೂ ಇಡಬೇಕು ಎಂದು ಇವರಿಗೆ ಆಸೆ. ತಾವೇ ಟ್ರಿಮ್ಮರಿನಲ್ಲಿ ತಲೆ ಬೋಳಿಸಿಕೊಂಡರು. ಬಾಳೆ ಎಲೆ ಎಲ್ಲಿಂದ ತರುವುದು. ಕಾಕಿ ಹಣ್ಣಿನ ಮರದ ನಾಲ್ಕು ಎಲೆ ಜೋಡಿಸಿ, ಎಳ್ಳು ಕಲಸಿದ ಅನ್ನದ ಉಂಡೆಯನ್ನು ನಮಗೂ ಅಜ್ಜಿಗೂ ನಡುವಿನ ಮೋಟು ಗೋಡೆಯ ಮೇಲಿಟ್ಟು, ಕೈಮುಗಿದು ಹಿಂದಕ್ಕೆ ಸರಿದು ನಿಂತರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಈ ಊರಿನ ಕಾಗೆಗಳು ಕೋಳಿಯಷ್ಟು ದಪ್ಪ. ಮೂರು ಬಂದು ತಂತಿಯ ಮೇಲೆ ಕೂತವು. ಒಂದು ಕೆಳಗಿಳಿದು ಗೋಡೆಯ ತುದಿಗೆ ಬಂತು, ಕತ್ತು ಓರೆ ಮಾಡಿತು.

ಅಷ್ಟರಲ್ಲಿ ಅಜ್ಜಿ ಬಿದಿರು ಪೊರಕೆ ಹಿಡಿದು ಓಡಿ ಬಂದರು. ಎಪ್ಪತ್ತೆಂಟರ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಕಾಗೆಯನ್ನು ಅಟ್ಟಿ, ಇಕ್ಕಳದಿಂದ ಅನ್ನವನ್ನೂ ಎಲೆಯನ್ನೂ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದರು. ಹಸಿ ಕಸದ ದಿನ ನಾಳೆ, ಹೊರಗಿಟ್ಟರೆ ಕಾಗೆ ಬರುತ್ತದೆ, ಬೀದಿಯವರು ದೂರು ಕೊಡುತ್ತಾರೆ, ಪರವಾಗಿಲ್ಲ, ಇದನ್ನು ನನ್ನ ಚೀಲದಲ್ಲೇ ಹಾಕುತ್ತೇನೆ ಎಂದು ಮೆಲುದನಿಯಲ್ಲಿ ಹೇಳಿ, ಬೋಳು ತಲೆಯನ್ನು ನೋಡಿಯೂ ನೋಡದವರಂತೆ, "ಸುಮಿಮಾಸೆನ್", ಕ್ಷಮಿಸಿ, ಎಂದು ಬಾಗಿದರು. ನಮ್ಮನ್ನು ಬೀದಿಯ ಬೈಗುಳದಿಂದ ಉಳಿಸುತ್ತಿದ್ದೇನೆ ಎಂದುಕೊಂಡಿದ್ದರು ಪಾಪ. ನನ್ನ ಗಂಡನೂ ಸೊಂಟ ಬಗ್ಗಿಸಿದರು. "ಅರಿಗಾತೋ" ಎಂದು ಥ್ಯಾಂಕ್ಸ್ ಹೇಳಿದರು.

ಒಳಗೆ ಬಂದ ಮೇಲೆ ನಾನು ಹಾರಾಡಿದೆ. "ಹೇಳೋದಲ್ವಾ ರೀ ಅದು ಏನು ಅಂತ" ಎಂದೆ. "ಏನಂತ ಹೇಳ್ಲಿ" ಎಂದರು. ನಾನು ಇನ್ನೊಂದು ಉಂಡೆ ಕಟ್ಟಿ ಕೊಡುತ್ತೇನೆ ಎಂದೆ, ಬೇಡ ಎಂದರು. ಗ್ಯೋಟೋಕುವಿನಲ್ಲಾಗಿದ್ದರೆ ನಾಲ್ಕು ಜನ ನಮ್ಮವರು ಬರುತ್ತಿದ್ದರು, ಒಬ್ಬರಾದರೂ ಹೆಗಲ ಮೇಲೆ ಕೈಯಿಡುತ್ತಿದ್ದರು. ಇಲ್ಲಿ ಅಪ್ಪನ ಪಿಂಡ ಕಸದ ಚೀಲದಲ್ಲಿ ಹೋಯಿತು. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಲ್ಲಿಂದ ಅವರ ಮಾತು ನಿಂತಿತು. ಮಗಳು ಶಾಲೆಯ ಕತೆ ಹೇಳಿದರೆ ತಲೆಯಾಡಿಸುವರು. ತಟ್ಟೆಯ ಮುಂದೆ ಕೂತು ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ಎದ್ದುಬಿಡುವರು. ಬಂದೂಕು ಆರಿಸುವ ಕೆಲಸ ಮಾತ್ರ ಬಿಡಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಆ ಆಟ ಬೇರೆಯಾಗಿತ್ತು. ಮಗಳನ್ನು ಕರೆಯುತ್ತಿರಲಿಲ್ಲ, ಹಿತ್ತಿಲಿಗೆ ಹೋಗುತ್ತಿರಲಿಲ್ಲ. ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಳಗಿಂದ ಟವೆಲ್ ಹಾಕಿದ ಪುಸ್ತಕ ತಟ್ಟಿ, ಅಡುಗೆಮನೆಯಲ್ಲಿದ್ದ ನನ್ನನ್ನು ಕೇಳುವರು, "ಕೇಳಿಸ್ತಾ?"

ಹಕ್ಕಿ ಇರುವುದು ತೋಟದಲ್ಲಿ. ಪಕ್ಕದ ಕೋಣೆಯಲ್ಲಿರುವವಳಿಗೆ ಕೇಳಿಸಿದರೆಷ್ಟು, ಬಿಟ್ಟರೆಷ್ಟು. ಮೊದಲ ಸಲ ನನಗೆ ಅದು ಹೊಳೆಯಲಿಲ್ಲ, "ಇಲ್ಲ" ಎಂದೆ. ಎರಡನೆಯ ಸಲ ಕೈಯಲ್ಲಿದ್ದ ಬೆಂಡೆಕಾಯಿ ಹಾಗೇ ನಿಂತಿತು. ಬಾಗಿಲು ನನಗೆ ಆರು ಹೆಜ್ಜೆ ದೂರ. ಹೋಗಿ ತೆಗೆದು, ಯಾಕೆ ರೀ ಎಂದು ಕೇಳಬೇಕಿತ್ತು. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಭಯಕ್ಕೆ ಕಾಲು ಕಿತ್ತಿಡಲಾಗಲಿಲ್ಲ. ಅದರ ಬದಲು ಒಂದು ಉಪಾಯ ಮಾಡಿದೆ. ಕೇಳಿಸಲಿ ಬಿಡಲಿ, "ಕೇಳಿಸ್ತು" ಎಂದೇ ಹೇಳತೊಡಗಿದೆ. ಯಾವ ಸದ್ದೂ ಒಪ್ಪಿಗೆಯಾಗದಿದ್ದರೆ ಆರಿಸುವುದು ಮುಗಿಯುವುದಿಲ್ಲ, ಬಂದೂಕು ಮನೆಗೆ ಬರುವುದಿಲ್ಲ ಎಂದು ನನ್ನ ಲೆಕ್ಕ. ಇಂಥ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಲೆಕ್ಕ ತಪ್ಪಿತು. ಪ್ರೊಫೆಸರು ಅವಸರ ಮಾಡಿದರು, ನವೆಂಬರ್ ನಡುವಿನಲ್ಲಿ ಬೇಟೆಯ ಋತು ಶುರುವಾಗುತ್ತದೆ. ಜುಲೈಯಲ್ಲಿ ಇವರು ಟವೆಲಿನ ಸದ್ದಿನದನ್ನೇ ಆರಿಸಿ ಅರ್ಜಿ ಹಾಕಿದರು. ಮನಸ್ಸು ಸರಿಯಿದೆ ಎಂಬ ಡಾಕ್ಟರ ಸರ್ಟಿಫಿಕೇಟು ಐದು ನಿಮಿಷದಲ್ಲಿ ಸಿಕ್ಕಿತು. ಇಬ್ಬರೂ ಮಾಸ್ಕ್ ಹಾಕಿಕೊಂಡು ಎದುರುಬದುರು ಕೂತರೆ ಯಾರ ಮುಖ ಯಾರಿಗೆ ಕಂಡೀತು. ಬಂದೂಕು ಇಡುವ ಕಬ್ಬಿಣದ ಪೆಟ್ಟಿಗೆ ಮೊದಲು ಬಂತು, ಓದುವ ಕೋಣೆಯ ಗೋಡೆಗೆ ಅದನ್ನು ಬೋಲ್ಟು ಹಾಕಿ ಕೂರಿಸಿದರು. ನಾನು ಆ ಕೋಣೆಯ ಕಸ ಗುಡಿಸುವುದನ್ನು ಬಿಟ್ಟೆ.

ಆಗಸ್ಟಿನಲ್ಲಿ ಪೊಲೀಸಿನವರು ಬಂದರು. ಐವತ್ತು ದಾಟಿದ, ಸಭ್ಯ ಮನುಷ್ಯ. ಬೂಟು ಬಿಚ್ಚಿ ತಿರುಗಿಸಿಟ್ಟು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಪೆಟ್ಟಿಗೆಯ ಬೋಲ್ಟನ್ನು ಜಗ್ಗಿ ನೋಡಿದರು. ಆಮೇಲೆ, "ಯಜಮಾನರು ದಯವಿಟ್ಟು ಸ್ವಲ್ಪ ಹೊರಗಿರಬೇಕು, ಮನೆಯವರ ಹತ್ತಿರ ಮಾತಾಡಬೇಕು" ಎಂದರು. ನನ್ನ ಗಂಡ ಮಗಳ ಕೈಹಿಡಿದು ಮೂಲೆಯ ಕೊಂಬಿನಿ ಅಂಗಡಿಯ ಕಡೆ ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನಾನು ಫಿಲ್ಟರ್ ಕಾಫಿ ಮಾಡಿಕೊಟ್ಟೆ. ಪೊಲೀಸಿನವರು ಲೋಟಕ್ಕೆ ತಲೆಬಾಗಿ ನಮಸ್ಕರಿಸಿ, ಮಾಸ್ಕ್ ತೆಗೆಯದೆ, ಮುಟ್ಟದೆ, ಫೈಲು ತೆರೆದರು. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಕೇಳಿದರು: ಕುಡಿಯುತ್ತಾರಾ. ಇಲ್ಲ. ಹೊಡೆಯುತ್ತಾರಾ. ಇಲ್ಲ. ಸಾಲ ಇದೆಯಾ. ಇಲ್ಲ. ಇತ್ತೀಚೆಗೆ ಏನಾದರೂ ಚಿಂತೆಯಲ್ಲಿದ್ದಾರಾ.

ಜಪಾನಿನಲ್ಲಿ ಎಲ್ಲದಕ್ಕೂ ಸಲ್ಲುವ ಒಂದು ಮಾತಿದೆ, ದೈಜೋಬು, ಪರವಾಗಿಲ್ಲ, ಎಲ್ಲ ಸರಿಯಿದೆ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮನೆಯ ಮಾತನ್ನು ಹೊರಗಿನವರ ಮುಂದೆ ಆಡಬಾರದು ಎಂದು ಕಲಿಸಿಯೇ ನಮ್ಮಮ್ಮ ನನ್ನನ್ನು ಬೆಳೆಸಿದ್ದು. ಅದರಲ್ಲೂ ಗಂಡನ ಮಾತು, ಅದರಲ್ಲೂ ಪೊಲೀಸರ ಮುಂದೆ. ಇಲ್ಲಿ ಬಾಯಿಬಿಟ್ಟರೆ ಬಂದೂಕಿಲ್ಲ, ಬಂದೂಕಿಲ್ಲದಿದ್ದರೆ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಕೆಲಸವಿಲ್ಲ. ಇಷ್ಟೂ ನನಗೆ ಗೊತ್ತಿತ್ತು. ಪೊಲೀಸಿನವರು ಪೆನ್ನನ್ನು ಕೆಳಗಿಟ್ಟು ಸುಮ್ಮನೆ ಕಾದರು.

ನನ್ನ ಜಪಾನೀಸು ತರಕಾರಿ ಅಂಗಡಿಯದು, ಶಾಲೆಯ ಗೇಟಿನದು. ಅದರಲ್ಲೇ ಹೇಳಿದೆ. ಗಂಡನ ತಂದೆ ತೀರಿಕೊಂಡರು. ಗಂಡ ಮಾತಾಡುವುದಿಲ್ಲ. ಗಂಡ ಊಟ ಮಾಡುವುದಿಲ್ಲ. ಅದು ಈ ಮನೆಗೆ ಬರುವುದು ನನಗೆ ಭಯ. ನಾಲ್ಕು ವಾಕ್ಯ. ವ್ಯಾಕರಣ ಸರಿಯಿತ್ತೋ ಇಲ್ಲವೋ, ಪೊಲೀಸಿನವರು ಬರೆದುಕೊಳ್ಳದೆ ಫೈಲು ಮುಚ್ಚಿದರು. "ಯಾರು ಹೇಳಿದರು ಎಂದು ಯಜಮಾನರಿಗೆ ಹೇಳುವುದಿಲ್ಲ" ಎಂದರು. ಬೂಟು ಹಾಕಿಕೊಳ್ಳುವಾಗ, ಅವರನ್ನು ಒಬ್ಬರೇ ಬಿಡಬೇಡಿ, ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದರು. ತಣ್ಣಗಾದ ಕಾಫಿಯನ್ನು ನಾನೇ ಕುಡಿದೆ.

ಇಲ್ಲಿ ಅರ್ಜಿಯನ್ನು ಮುಖಕ್ಕೆ ಹೊಡೆದ ಹಾಗೆ ತಿರಸ್ಕರಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಠಾಣೆಗೆ ಕರೆಸಿ, ಸದ್ಯಕ್ಕೆ ನೀವಾಗಿಯೇ ಹಿಂತೆಗೆದುಕೊಳ್ಳುವುದು ಒಳ್ಳೆಯದೇನೋ ಎಂದರಂತೆ. ಇವರು ಬಾಗಿ, ಸಹಿ ಹಾಕಿ ಬಂದರು. ಮನೆಗೆ ಬಂದು ಚಪ್ಪಲಿ ಬಿಡುತ್ತ, "ಪಕ್ಕದ ಮನೆಯವರು ಏನೋ ಹೇಳಿದಾರೆ" ಎಂದರು. ಎಷ್ಟೋ ದಿನದ ಮೇಲೆ ಅವರಾಗಿ ಆಡಿದ ಮಾತು ಅದು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವವರೆಗೆ ಕಾದೆ, ಆಮೇಲೂ ಸುಮ್ಮನಿದ್ದೆ.

ಅಂದಿನಿಂದ ಅಜ್ಜಿ ಬೆಳಗ್ಗೆ ನಮಸ್ಕಾರ ಹೇಳಿದರೆ ಇವರು ನೆಲ ನೋಡಿಕೊಂಡು ಹೋಗುವರು. ಅಜ್ಜಿ ತಮ್ಮ ತೋಟದ ಮೂಲಂಗಿಯನ್ನು ಪೇಪರಿನಲ್ಲಿ ಸುತ್ತಿ ನಮ್ಮ ಬಾಗಿಲಲ್ಲಿಡುತ್ತಿದ್ದರು. ಅದರ ಹುಳಿ ಮಾಡಿದ ದಿನ ಇವರು ಬರೀ ಮೊಸರನ್ನ ತಿಂದು ಏಳುವರು. ಅಜ್ಜಿ ಒಂದು ದಿನ ನನ್ನನ್ನು ತಡೆದು, "ನಾನೇನಾದರೂ ತಪ್ಪು ಮಾಡಿದೆನಾ" ಎಂದು ಕೇಳಿದರು. ಗಂಡನನ್ನು ನೋಡಲು ಬಿಡದೆ ವರ್ಷ ದಾಟಿದ ಹೆಂಗಸು. ಇಲ್ಲ ಎಂದು ಹೇಳಿ ಒಳಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ತಪ್ಪನ್ನು ಆ ಜೀವದ ತಲೆಗೆ ಕಟ್ಟಿ ನಾನು ಬೇಯಿಸಿಕೊಂಡು ಉಣ್ಣುತ್ತಿದ್ದೆ. ಡಾಕ್ಟರ ಮಾತೆತ್ತಲೂ ಧೈರ್ಯವಿರಲಿಲ್ಲ, ಯಾಕೆ ಎಂದು ಕೇಳಿದರೆ ಎಲ್ಲ ಹೇಳಬೇಕಾಗುತ್ತಿತ್ತು.

ಡಿಸೆಂಬರಿಗೆ ಹಕ್ಕಿಗಳು ಬಂದವು. ಹಳೆಯ ಬಲೆಗೆ ತೇಪೆ ಹಾಕಿದ್ದೆವು, ತೇಪೆಯ ಪಕ್ಕದಲ್ಲೇ ನುಗ್ಗಿದವು. ಮಾರ್ಚಿಗೆ ಕೆಲಸ ಮುಗಿಯುತ್ತದೆ ಎಂದು ಆಫೀಸಿನಿಂದ ಕಾಗದ ಬಂತು. ಮಗಳು ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ, ಕುಕ್ಕಿದ ಹಣ್ಣುಗಳನ್ನು ಆಯಲು ನಾನೂ ತೋಟಕ್ಕೆ ಹೋದೆ. ಅರ್ಧ ತಿಂದ ಮಿಕಾನ್‌ಗಳು ಗಿಡದಲ್ಲೇ ಬಾಯಿಬಿಟ್ಟುಕೊಂಡಿದ್ದವು. ಒಂದು ಸಾಲು ಮುಗಿದ ಮೇಲೆ ಹೇಳಿದೆ.

"ಅಜ್ಜಿ ಅಲ್ಲ ರೀ. ಪೊಲೀಸಿನವರಿಗೆ ಹೇಳಿದ್ದು ನಾನು."

ಅವರು ಕೈಯಲ್ಲಿದ್ದ ಹಣ್ಣನ್ನು ಕ್ರೇಟಿಗೆ ಹಾಕಲಿಲ್ಲ. "ಏನಂತ ಹೇಳ್ದೆ?"

"ನೀವು ಮಾತಾಡಲ್ಲ, ಊಟ ಮಾಡಲ್ಲ ಅಂತ. ಅದು ಮನೆಗೆ ಬಂದ್ರೆ ನಂಗೆ ಭಯ ಅಂತ."

ಬೈಯುತ್ತಾರೆ ಎಂದುಕೊಂಡೆ. ಬೈದರೆ ಬೈಯಲಿ, ಅದಾದರೂ ಒಂದು ಮಾತು. ಅವರು ಬೈಯಲಿಲ್ಲ.

"ಜೂನಲ್ಲಿ ಒಂದಿನ ನಾನು ಏನೂ ತಟ್ಟಲೇ ಇಲ್ಲ" ಎಂದರು. "ಕೈ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಸುಮ್ನೆ ಕೇಳಿಸ್ತಾ ಅಂದೆ. ನೀನು ಕೇಳಿಸ್ತು ಅಂದೆ."

ನಾನು ಕ್ರೇಟನ್ನು ಕೆಳಗಿಟ್ಟೆ.

"ಅವತ್ತೇ ಗೊತ್ತಾಯ್ತು ನಿಂಗೆ ಗೊತ್ತಾಗಿದೆ ಅಂತ. ಈಗ ಬರ್ತಾಳೆ, ಬಾಗಿಲು ತೆಗೀತಾಳೆ ಅಂತ ಕಾದೆ. ಬಾಗಿಲಿಗೆ ಚಿಲಕನೂ ಹಾಕಿರ್ಲಿಲ್ಲ."

ಜಪಾನೀಸಿನಲ್ಲಿ ಅಪರಿಚಿತನೊಬ್ಬನ ಮುಂದೆ ನಾಲ್ಕು ವಾಕ್ಯ ಹೇಳಿದವಳಿಗೆ ಕನ್ನಡದಲ್ಲಿ ಒಂದು ಪ್ರಶ್ನೆ ಬಾಯಿಗೆ ಬರಲು ತುಂಬ ಹೊತ್ತು ಬೇಕಾಯಿತು. ಮಣ್ಣಿನ ಮೇಲೆ ಕೂತೆ. ಅವರನ್ನೂ ಕೈಹಿಡಿದು ಕೂರಿಸಿದೆ. "ಈಗ ಕೇಳ್ತಿದೀನಿ" ಎಂದೆ. "ಯಾಕೆ ರೀ?"

ಅವರು ಹೇಳಿದರು. ಮೊದಲಿನಿಂದ ಕೊನೆಯವರೆಗೆ, ಹಕ್ಕಿಗಳ ಕಿರುಚಾಟದ ನಡುವೆ, ನನ್ನ ಕಡೆ ನೋಡದೆ ಹೇಳಿದರು. ಜೂನಿನಲ್ಲಿ ಅವರು ಬಂದೂಕು ಆರಿಸುತ್ತಿದ್ದದ್ದು ಹಕ್ಕಿಗಳಿಗಲ್ಲ, ತಮಗೇ. ನಾನು ಹೆದರಿದ್ದು ಸುಳ್ಳಾಗಿರಲಿಲ್ಲ.